ಒಂದನೇ ಹಂತಕ್ಕೆ ರಜೆ ಇಲ್ಲ

ಮಾನ್ಯ ಅಧ್ಯಕ್ಷರೇ, ಮಂಡಿನೋವು ತಗ್ಗಿತೇ? ನಮ್ಮ ಗಿರಣಿಯ ಮ್ಯಾನೇಜರ್ ಸಾಹೇಬರೇ, ರಕ್ತದೊತ್ತಡ ಹೇಗಿದೆ? ಬಣ್ಣದ ವಿಭಾಗದ ಅಣ್ಣ, ಕೆಮ್ಮು ಬಿಟ್ಟಿತೇ? ನನ್ನನ್ನು ಬೀಳ್ಕೊಡಲು ಬಂದ ಸಭಿಕರೇ, ಎಲ್ಲರೂ ಕ್ಷೇಮವೆಂದು ನಂಬುತ್ತೇನೆ. ಮೂವತ್ತೊಂದು ವರ್ಷ ಬಟ್ಟೆ ತಪಾಸಣೆ ಮಾಡಿದವಳ ಬಾಯಲ್ಲಿ ನಂಬುತ್ತೇನೆ ಎಂಬ ಮಾತು ಅಪರೂಪ.

ಅನುಮಾನಪಡುವುದೇ ನನ್ನ ಕೆಲಸ. ಬಟ್ಟೆಯನ್ನು ಬೆಳಕಿನ ಮೇಜಿನ ಮೇಲೆ ಎಳೆಯಬೇಕು. ಮೂರಿಂಚಿನೊಳಗಿನ ಕುಂದಿಗೆ ಒಂದು ಅಂಕ, ಒಂಬತ್ತಿಂಚು ದಾಟಿದರೆ ನಾಲ್ಕು. ಒಂದಂಕದ ಕುಂದಿಗೆ ಯಾರಾದರೂ ಬಟ್ಟೆ ವಾಪಸು ಕಳಿಸುತ್ತಾರೆಯೇ?

ನನ್ನ ತಂಗಿಯ ಮಗಳು ನನ್ನ ಮೇಜಿನಲ್ಲೇ ಕೆಲಸಕ್ಕಿದ್ದಾಳೆ. ಪ್ರತಿ ತಿಂಗಳು ಎರಡು ದಿನ ಹೊಟ್ಟೆ ಹಿಡಿದು ಕೂರುತ್ತಿದ್ದಳು. ನೆಪವಿರಬಹುದೆಂದು ಶೌಚಾಲಯದ ಬಾಗಿಲಿಗೆ ಕಿವಿಗೊಟ್ಟು ನಿಂತವಳು ನಾನು. ಆಮೇಲೆ ಆಸ್ಪತ್ರೆಯ ಚೀಟಿ ತಂದಳು. ಎಂಡೊಮೆಟ್ರಿಯೋಸಿಸ್, ಒಂದನೇ ಹಂತ. ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೂ ಬೆಳೆಯುವ ಕಾಯಿಲೆಯಂತೆ. ನಾನು ಓದಿದ್ದು ಒಂದನೇ ಹಂತ ಎಂಬುದನ್ನು ಮಾತ್ರ.

"ಒಂದಕ್ಕೇ ಹೀಗಾದ್ರೆ ನಾಲ್ಕಕ್ಕೆ ಏನ್ ಮಾಡ್ತೀಯೇ?" ಎಂದೆ.

"ನಿಂತ್ರೆ ಕಾಲೇ ಸೋಲುತ್ತೆ ದೊಡ್ಡಮ್ಮ."

"ನಾಟಕ ಸಾಕು, ಬಟ್ಟೆ ಎಳಿ."

ಅಷ್ಟಕ್ಕೇ ಬಿಡಲಿಲ್ಲ. ಮೂರು, ನಾಲ್ಕನೇ ಹಂತದವರಿಗೆ ಮಾತ್ರ ರಜೆ ಕೊಡಿ ಎಂದು ಸಾಹೇಬರಿಗೆ ಬರೆದುಕೊಟ್ಟೆ. ಸೂಚನಾ ಹಲಗೆಯ ಮೇಲೆ ಅಂಟಿಸಿರುವ ಆ ನಿಯಮದ ಅಕ್ಷರ ಅಕ್ಷರವೂ ನನ್ನದು. ರಜೆಯಿಲ್ಲದೆ ಇನ್ನೊಂದು ದಿನ ಕೆಲಸ ತಪ್ಪಿಸಿದರೆ ಅವಳ ನೌಕರಿ ಹೋಗುತ್ತದೆ.

ಕಳೆದ ವಾರ ಅವಳ ಸುಳ್ಳು ಹಿಡಿಯಬೇಕೆಂದೇ ಆ ಆಸ್ಪತ್ರೆಯ ಡಾಕ್ಟರಮ್ಮನ ಬಳಿ ಹೋಗಿ ಹಂತ ಹೇಗೆ ಹೇಳುತ್ತೀರೆಂದು ಕೇಳಿದೆ.

"ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ನೋಡ್ತೀವಮ್ಮ. ಮಚ್ಚೆ ಎಷ್ಟು ದೊಡ್ಡದು, ಎಷ್ಟು ಆಳ, ಅಂಡಾಶಯದಲ್ಲಿ ಗಂಟಿದ್ಯಾ, ಎಲ್ಲೆಲ್ಲಿ ಅಂಟಿಕೊಂಡಿದೆ, ಇದಕ್ಕೆಲ್ಲ ಅಂಕ ಕೂಡಿಸಿ ಹಂತ ಹೇಳ್ತೀವಿ."

"ನೋವಿಗೆ ಎಷ್ಟು ಅಂಕ?"

"ನೋವಿಗೆ ಅಂಕವೇ ಇಲ್ಲ. ನಾಲ್ಕನೇ ಹಂತದವರು ಕೆಲವರು ನಗ್ತಾ ನಡ್ಕೊಂಡು ಬರ್ತಾರೆ. ಒಂದನೇ ಹಂತದವರನ್ನ ಎತ್ಕೊಂಡು ಬಂದಿದ್ದೂ ಇದೆ."

ಇವರು ಹುಡುಗಿಯ ಪರಿಚಯದವರಿರಬೇಕು ಅನ್ನಿಸಿತು. ಬೇರೆ ಆಸ್ಪತ್ರೆಗೆ ಹೋಗಿ ಕೇಳಿದೆ; ಅಲ್ಲೂ ಅದೇ ಉತ್ತರ. ಮೂರನೆಯ ಕಡೆಗೂ ಹೋಗುತ್ತಿದ್ದೆನೇನೋ, ಬಸ್ಸು ಸಿಗಲಿಲ್ಲ.

ಸಭಿಕರೇ, ನಗಬೇಡಿ. ಈ ಸಭೆಗೆ ಅವಳೇಕೆ ಬಂದಿಲ್ಲ, ಗೊತ್ತೇ? ಇವತ್ತು ಅವಳ ಕೆಟ್ಟ ದಿನ. ಕೆಲಸ ಉಳಿಸಿಕೊಳ್ಳಲು ಮೇಜಿಗೆ ಸೊಂಟ ಆನಿಸಿ ಬಟ್ಟೆ ಎಳೆಯುತ್ತಿದ್ದಾಳೆ. ಬರುವಾಗ ಕೂತುಕೋ ಮಗಳೇ ಎಂದೆ. ನನ್ನ ಮುಖವನ್ನೇ ನೋಡಿದಳು, ಕೂರಲಿಲ್ಲ. ನನ್ನ ಮಾತನ್ನು ಅವಳು ನಂಬುವುದಾದರೂ ಹೇಗೆ?

ಸಾಹೇಬರೇ, ಆ ನಿಯಮ ತೆಗೆಯಿರಿ ಎಂಬ ಅರ್ಜಿಯನ್ನು ನಿಮ್ಮ ಮುಂದಿಟ್ಟಿದ್ದೇನೆ. ನೀವು ತಲೆಯಾಡಿಸುತ್ತಿದ್ದೀರಿ. ತಲೆಯಾಡಿಸುವುದನ್ನು ನಂಬುವ ಹೆಂಗಸು ನಾನಲ್ಲ, ಮನ್ನಿಸಿ. ಸಹಿ ಹಾಕಿದ ಕಾಗದವನ್ನು ನಾನೇ ಅವಳ ಕೈಗೆ ಕೊಡಬೇಕು. ಹಾರ ಆಮೇಲೆ ಹಾಕಬಹುದು.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ವಂದನೆಗಳು, ನಮಸ್ಕಾರ. ಸಾಹೇಬರೇ, ಪೆನ್ನು ಇಲ್ಲಿದೆ, ಬೇಗ ಬರೆದುಕೊಡಿ.