ಸಾಕು ಅನ್ನುವವರಿಲ್ಲದ ಕೋಣೆ

ನಮ್ಮ ಚಿಕ್ಕಮ್ಮನ ಮಗಳು ಆ ರಾತ್ರಿ ಶಾಲೆಯ ಹಿಂದಿನ ಬಾವಿ ದಾಟಿ ನಾಲ್ಕು ಹೆಜ್ಜೆ ಹೋಗಿರಬೇಕು, ಅಷ್ಟೇ. ಹಿಂದಿನಿಂದ ಸದ್ದು.

ಠಣ್...

ನಿಂತಳು. ಬಾವಿಯೊಳಗೆ ಕೊಡ ಬಿತ್ತೇನೋ ಅಂದುಕೊಂಡಳು. ಆದರೆ ಅದು ಹಾಳು ಬಾವಿ. ಹಗ್ಗ ಇಲ್ಲ, ರಾಟೆ ಇಲ್ಲ, ಮೇಲೆ ಕಬ್ಬಿಣದ ಜಾಲರಿ ಬೇರೆ. ಮತ್ತೆ ಅದೇ ಸದ್ದು. ಠಣ್... ಆಮೇಲೆ ಯಾರೋ ಹಲ್ಲು ಕಚ್ಚಿ ಉಸಿರು ಬಿಟ್ಟ ಹಾಗೆ, ಹ್ಹ್... ಹ್ಹ್...

ಸದ್ದು ಬರುತ್ತಿದ್ದದ್ದು ಬಾವಿಯಿಂದಲ್ಲ. ಈಗಷ್ಟೇ ತಾನೇ ಬೀಗ ಹಾಕಿ ಬಂದ ವ್ಯಾಯಾಮದ ಕೋಣೆಯಿಂದ.

ಅವಳಿಗೆ ಮನೆಯಲ್ಲಿ ಭೀಮಿ ಅಂತ ಹೆಸರು. ತುಂಬಿದ ಗ್ಯಾಸ್ ಸಿಲಿಂಡರನ್ನು ಒಂದೇ ಭುಜದ ಮೇಲೆ ಹೊತ್ತು ಮಹಡಿ ಹತ್ತುತ್ತಿದ್ದವಳು. ಪುಕ್ಕಲಿ ಅಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮೈ ಗಟ್ಟಿ ಮಾಡುವ ವಿದ್ಯೆಯನ್ನೇ ಓದಿ, ಆ ಹೈಸ್ಕೂಲಿಗೆ ಇಂಟರ್ನ್ ಆಗಿ ಸೇರಿದ್ದಳು. ಆಟ ಆಡುವ ಮಕ್ಕಳಿಗೆ ಶಕ್ತಿ ಬರುವ ಹಾಗೆ, ಪೆಟ್ಟಾಗದ ಹಾಗೆ ತಯಾರಿ ಮಾಡಿಸುವ ಕೆಲಸ. ಹೇಳಿಕೊಳ್ಳೋಕೆ ಹಾಗೆ. ಮಾಡುತ್ತಿದ್ದದ್ದು ತೂಕದ ಕಬ್ಬಿಣದ ಪ್ಲೇಟು ಜೋಡಿಸೋದು, ಬೆಂಚಿನ ಬೆವರು ಒರೆಸೋದು, ಕೊನೆಗೆ ಬೀಗ ಹಾಕೋದು. ಅಲ್ಲಿನ ಹಿರಿಯ ಕೋಚ್‌ಗೆ ಮಕ್ಕಳು ಇಟ್ಟ ಹೆಸರು ಗುಡುಗು. "ಇನ್ನೊಂದು!" ಅನ್ನೋದು ಬಿಟ್ಟರೆ ಆತನ ಬಾಯಲ್ಲಿ ಬೇರೆ ಮಾತೇ ಇಲ್ಲ. ಮಗುವಿನ ಕಾಲು ನಡುಗಲಿ, ಮುಖ ಬಿಳಿಚಿಕೊಳ್ಳಲಿ... ಇನ್ನೊಂದು. ಶಾಲೆಯ ಗೋಡೆ ತುಂಬ ಆತ ಗೆದ್ದು ಕೊಟ್ಟ ಟ್ರೋಫಿ. ಆತನನ್ನು ಕೇಳುವ ಗಂಡಸು ಯಾರು?

ಯಾರನ್ನಾದರೂ ಒಳಗೇ ಬಿಟ್ಟು ಬೀಗ ಹಾಕಿದೆನಾ? ತಿರುಗಿ ಓಡಿದಳು.

ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ತೆಗೆದಳು. ಕಿರ್ರ್... ಬಾಗಿಲಿನಾಚೆ ಕುಲುಮೆಯ ಬಾಯಿ ತೆರೆದಂಥ ಧಗೆ. ಮೊಬೈಲಿನ ಬೆಳಕಿನಲ್ಲಿ ಮೂಲೆಯಲ್ಲೊಬ್ಬ ಹುಡುಗ ಕಂಡ. ಗೋಡೆಗೆ ಮುಖ. ಹೆಗಲ ಮೇಲೆ ಪ್ಲೇಟು ತುಂಬಿದ ಕಬ್ಬಿಣದ ಸಲಾಕೆ, ಬಾರ್. ಅಂಗಿ ಬೆನ್ನಿಗೆ ಅಂಟಿಕೊಂಡಿದೆ. ಕುಕ್ಕರುಗಾಲಲ್ಲಿ ಕೂರುತ್ತಾನೆ, ಏಳುತ್ತಾನೆ. ಕೂರುತ್ತಾನೆ...

ಹೆದರಿಕೆಗಿಂತ ಮೊದಲು ವಿದ್ಯೆ ಬಾಯಿಬಿಟ್ಟಿತು.

"ಮಂಡಿ ಒಳಗೆ ಬಾಗ್ತಿದೆ ಕಣೋ..." ಪಿಸುಗುಟ್ಟಿದಳು. "ಹೊರಗೆ ತಳ್ಳು."

ಹುಡುಗ ಮಂಡಿ ಹೊರಗೆ ತಳ್ಳಿದ. ತಿರುಗಿ ನೋಡಲಿಲ್ಲ.

"ಸರ್ ಬಂದ್ರಾ ಮಿಸ್?"

"ಇಲ್ಲ. ಯಾಕೆ?"

"ನಾನು ಬರೋವರೆಗೂ ನಿಲ್ಲಿಸಬೇಡ ಅಂದ್ರು... ಟೀ ಕುಡಿಯೋಕೆ ಹೋದ್ರು..."

ಹ್ಹ್... ಹ್ಹ್... ಅವನ ಕಾಲು ಗಡಗಡ ನಡುಗತೊಡಗಿತು. ಈ ಕಸುಬಿನಲ್ಲಿ ಒಂದು ನಿಯಮ ಇದೆ. ಹೊತ್ತವನು ಕುಸಿಯುವ ಹಾಗಿದ್ದರೆ ಹಿಂದೆ ನಿಂತು, ಅವನ ಎರಡೂ ಕಂಕುಳಡಿ ಕೈ ಕೊಟ್ಟು ಎತ್ತಿ ಹಿಡಿಯಬೇಕು. ಭೀಮಿ ಹಾಗೇ ಕೈ ಕೊಟ್ಟಳು.

ಕೈ ಒಳಗೆ ಹೋಯಿತು. ಅಲ್ಲಿ ಮೈ ಇರಲಿಲ್ಲ. ಬರೀ ಕಾವು.

ಬೇರೆ ಯಾರಾದರೂ ಆಗಿದ್ದರೆ ಕಿರುಚಿಕೊಂಡು ಓಡುತ್ತಿದ್ದರು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಮೆಲ್ಲಗೆ ಅಂದಳು.

"ಸಾಕು... ಸಾಕು ಕಣಪ್ಪ. ಇಳಿಸು."

ಹುಡುಗನ ಏದುಸಿರು ನಿಂತಿತು. ಧಡಾಲ್! ಬೆಳಕು ಹಿಡಿದು ನೋಡಿದರೆ ಬಾರ್ ತನ್ನ ಕಂಬದ ಮೇಲೆ ಮಲಗಿತ್ತು, ಒಂದು ಪ್ಲೇಟೂ ಇಲ್ಲದೆ. ಹುಡುಗ ಇರಲಿಲ್ಲ.

ಬೆಳಗ್ಗೆ ಅವಳ ಮುಖ ನೋಡಿದ್ದೇ, ನೆಲ ಒರೆಸುವ ಆಯಾ ಪಕ್ಕಕ್ಕೆ ಕರೆದಳು.

"ಕಂಡನೇನಮ್ಮ?"

"ಯಾರದು ಆಯಾ?"

"ಹೋದ ಬೇಸಿಗೇಲಿ ಅಲ್ಲೇ ಬಿದ್ದು ಹೋದ. ತಡವಾಗಿ ಬಂದ ಅಂತ ಶಿಕ್ಷೆ. ಹುಟ್ಟಿನಿಂದ್ಲೇ ಹೃದಯ ವೀಕು ಅಂತ ಹೇಳಿ ಮುಚ್ಚಿಹಾಕಿದ್ರು. ಸತ್ತ ಮೇಲೆ ಎಲ್ಲರ ಹೃದಯಾನೂ ವೀಕೇ, ಬಿಡು."

ಅದೇ ದಿನ ಗುಡುಗು ಒಬ್ಬ ಉದ್ದನೆಯ ಹುಡುಗಿಯ ಹೆಗಲಿಗೆ ಬಾರ್ ಹೊರಿಸಿದ್ದ. ತಂಡದ ಆಯ್ಕೆ ಹತ್ತಿರದಲ್ಲಿತ್ತು. ಹುಡುಗಿಯ ತುಟಿ ಬೆಳ್ಳಗಾಗಿತ್ತು. ಆತನ ಫೋನ್ ಹೊಡೆದುಕೊಂಡಿತು. "ನಾನು ಬರೋವರೆಗೂ ನಿಲ್ಲಿಸಬೇಡ" ಅಂದು ಹೊರಗೆ ನಡೆದ.

ರಾತ್ರಿ ಕೇಳಿದ ಅದೇ ಮಾತು. ಭೀಮಿ ಹೋಗಿ ಬಾರ್ ಇಳಿಸಿದಳು. ಹುಡುಗಿ ಅಲ್ಲೇ ಕುಸಿದು ಕೂತಳು.

"ಯಾರು ನಿಲ್ಲಿಸಿದ್ದು?" ಗುಡುಗು ವಾಪಸ್ ಬಂದಿದ್ದ.

"ನಾನು ಸರ್."

"ಕಲಿಯೋಕೆ ಬಂದವಳು ನೀನು. ಕಲಿಸೋಕಲ್ಲ."

"ಹೋದ ಬೇಸಿಗೇಲಿ ಆ ಹುಡುಗನಿಗೂ ಹೀಗೇ ಹೇಳಿ ಟೀ ಕುಡಿಯೋಕೆ ಹೋಗಿದ್ರಾ?"

ಆತ ತಿರುಗಿ ಹೆಡ್‌ಮಿಸ್ ಕೋಣೆಯ ಕಡೆ ನಡೆದ. ಆ ಟೀ ವಿಷಯ ಆಯಾಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಇಬ್ಬರೇ. ಅವರಲ್ಲೊಬ್ಬ ಮಣ್ಣಿನಲ್ಲಿದ್ದ.

ಮಧ್ಯಾಹ್ನದೊಳಗೆ ಭೀಮಿಯನ್ನು ಹೊರಗೆ ಹಾಕಿದರು. "ಶಾಲೆಯ ಮರ್ಯಾದೆ ಅಂತ ಒಂದಿರುತ್ತಮ್ಮ" ಅಂದರು ಹೆಡ್‌ಮಿಸ್, ಕಣ್ಣಲ್ಲಿ ಕಣ್ಣಿಟ್ಟು ನೋಡದೆ. ಕಲಿತದ್ದಕ್ಕೆ ಸರ್ಟಿಫಿಕೇಟೂ ಇಲ್ಲ. ಗೇಟಿನ ಹತ್ತಿರ ಆ ಹುಡುಗಿಯ ಅಪ್ಪ ಕಾದು ನಿಂತಿದ್ದ. ಕೈಮುಗಿಯುತ್ತಾನೇನೋ ಅಂದುಕೊಂಡಳು, ಪಾಪ.

"ನಿನಗೇನು ಬಂದಿತ್ತು ಕೇಡು? ಮಗಳ ಹೆಸರು ಪಟ್ಟಿಯಿಂದ ಹೋಯ್ತು. ಅವಳ ಬಾಳಿಗೇ ಕಲ್ಲು ಹಾಕಿದೆಯಲ್ಲ!"

ಹುಡುಗಿ ಅಪ್ಪನ ಪಕ್ಕದಲ್ಲೇ ನಿಂತಿದ್ದಳು. ತಲೆ ತಗ್ಗಿಸಿಕೊಂಡು. ದೆವ್ವ ಕಂಡಾಗ ಅಳದ ಭೀಮಿ ಅವತ್ತು ಬಸ್ಸಿನಲ್ಲಿ ಬಿಕ್ಕಿಬಿಕ್ಕಿ ಅತ್ತಳು. ಆ ವರ್ಷ ಅತ್ಯುತ್ತಮ ಕೋಚ್ ಅಂತ ಗುಡುಗಿಗೆ ಶಾಲು ಹೊದಿಸಿದರು. ಭೀಮಿ ಈಗ ಒಂದು ಸಾಮಾನಿನ ಗೋದಾಮಿನಲ್ಲಿ ಲೆಕ್ಕ ಬರೀತಾಳೆ. ಮತ್ತೆ ಬಾರ್ ಮುಟ್ಟಿಲ್ಲ.

ಮೊನ್ನೆ ಆಯಾ ದಾರಿಯಲ್ಲಿ ಅವಳಿಗೆ ಸಿಕ್ಕಿದ್ದಳಂತೆ. "ಆ ಕೋಣೇಲಿ ಈಗೇನೂ ಸದ್ದಿಲ್ಲಮ್ಮ" ಅಂದಳಂತೆ. ಆಮೇಲೆ ಆಚೀಚೆ ನೋಡಿ, ದನಿ ಇಳಿಸಿ... ಗುಡುಗಿನ ಆಫೀಸಿನ ವಿಷಯ ಹೇಳಿದಳಂತೆ. ದಿನಾ ಒರೆಸ್ತಾಳೆ. ನೆಲವೆಲ್ಲ ಒದ್ದೆ ಆಗುತ್ತೆ. ಆತನ ಕುರ್ಚಿಯ ಹಿಂದೆ ಎರಡು ಪಾದದಷ್ಟು ಜಾಗ ಮಾತ್ರ ಒಣಗೇ ಇರುತ್ತೆ. ಬಕೆಟ್ ಸುರಿದರೂ ಅಷ್ಟೇ. ಚಿಕ್ಕ ಪಾದ, ಬೆರಳು ಕುರ್ಚಿಯ ಕಡೆಗೆ.

ನಗಬೇಡಿ. ನಡೆದದ್ದು ನಡೆದ ಹಾಗೇ ಹೇಳಿದ್ದೇನೆ. ಆತ ಇವತ್ತಿಗೂ ಅದೇ ಕುರ್ಚಿಯಲ್ಲಿ ಕೂರ್ತಾನೆ. ಆಯಾ ಆ ಜಾಗ ಬಿಟ್ಟು ಒರೆಸ್ತಾಳೆ.