ಟೇಲರಮ್ಮನ ಅಳತೆ ಪುಸ್ತಕ

ಉಯಿಲಿಗೂ ಹುಯಿಲಿಗೂ ನಡುವೆ ಇರುವುದು ಒಂದು ಹಕಾರ ಮಾತ್ರ ಎಂದು ನಾನು ಹೇಳಿದಾಗ ನೋಂದಣಿ ಕಚೇರಿಯ ಜಗಲಿಯಲ್ಲಿ ಯಾರೂ ನಗಲಿಲ್ಲ. ಹೊರಗೆ ಮಳೆ ಹೊಡೆಯುತ್ತಿತ್ತು. ಒಳಗೆ ಕರೆಂಟು ಹೋಗಿ, ಗುಮಾಸ್ತರು ಕಪ್ಪು ಪರದೆಗಳ ಮುಂದೆ ಕೈಕಟ್ಟಿ ಕೂತಿದ್ದರು. ನನ್ನ ಪಕ್ಕದ ಬೆಂಚಿನಲ್ಲಿ ಗಂಡ ಹೆಂಡತಿ ತಕರಾರು. ತಾವು ಹೋದಮೇಲೆ ಉಯಿಲಿನಂತೆ ಎಲ್ಲ ನಡೆಸಿಕೊಡುವವರು ಯಾರಾಗಬೇಕು ಎಂಬುದೇ ವಿಷಯ.

"ನನ್ನ ತಮ್ಮ ಇದಾನಲ್ಲ, ಚಿನ್ನದಂಥವನು," ಎಂದರು ಗಂಡ.

"ಗೊತ್ತು. ಅದಕ್ಕೇ ಬೀರೂನಲ್ಲಿಟ್ಟು ಬೀಗ ಹಾಕೋಣ ಅಂತಿದೀನಿ," ಎಂದರು ಹೆಂಡತಿ.

ಎದುರಿಗೆ ಶಾಲು ಹೊದ್ದು ಕೂತಿದ್ದ ಮುದುಕರು ಕೆಮ್ಮಿದರು. ನಲವತ್ತು ವರ್ಷ ಊರಿನ ಕರಾರು, ಕ್ರಯ, ಉಯಿಲುಗಳನ್ನೆಲ್ಲ ಬರೆದವರು. ಕಚೇರಿಗೆಲ್ಲ ಪತ್ರದ ಅಜ್ಜ.

"ಒಂದು ಕತೆ ಹೇಳ್ತೀನಿ, ಆಮೇಲೆ ಹೆಸರು ಬರೆಸಿ. ನಿಜವಾದ ಕತೆ. ಸುಳ್ಳು ಬರೆಯೋದಕ್ಕೆ ನನಗೆ ಪುಟಕ್ಕಿಷ್ಟು ಅಂತ ಕೊಡ್ತಾರೆ, ಪುಕ್ಕಟೆ ಯಾಕೆ ಹೇಳಲಿ?"

ನಾವು ಬೆಂಚುಗಳನ್ನು ಹತ್ತಿರ ಎಳೆದುಕೊಂಡೆವು.

"ಈ ಬೀದಿ ಕೊನೇಲಿ ಒಬ್ಬಳು ಟೇಲರಮ್ಮ ಇದ್ದಳು. ಕೆಳಗೆ ಅಂಗಡಿ, ಮೇಲೆ ಮನೆ. ಗಂಡ ಇಲ್ಲ, ಮಕ್ಕಳಿಲ್ಲ. ಇದ್ದವರು ಇಬ್ಬರು. ಒಬ್ಬ ಮೈದುನನ ಮಗ, ಗಿರಾಕಿಗಳೆದುರು ‘ದೊಡ್ಡಮ್ಮಾ... ಊಟ ಆಯ್ತಾ ದೊಡ್ಡಮ್ಮಾ’ ಅಂತ ಬೆಣ್ಣೆ ಹಚ್ಚೋನು. ಇನ್ನೊಬ್ಬಳು ಕಾಜಾ ಅಕ್ಕ. ಗುಂಡಿಗೆ ಕಾಜಾ ಹೊಲೀತಾ ಇಪ್ಪತ್ತೆಂಟು ವರ್ಷ ಅದೇ ಕಿಟಕಿ ಕೆಳಗೆ ಕೂತು ಕಣ್ಣು ಮಂಜು ಮಾಡಿಕೊಂಡವಳು. ಟೇಲರಮ್ಮನದು ಒಂದು ಪದ್ಧತಿ. ಅಳತೆ ತಗೊಂಡು ಪುಸ್ತಕದಲ್ಲಿ ಬರೆದಳು ಅಂದ್ರೆ ಬಟ್ಟೆ ಅದೇ ಅಳತೆಗೆ. ಬಿಗಿ ಆಯ್ತು ಅಂತ ಹೋದರೆ, ‘ಪುಸ್ತಕ ಬದಲಾಗಲ್ಲ ರೀ, ನೀವೇ ಬದಲಾಗಿ’ ಅನ್ನೋಳು.

"ಕಾಯಿಲೆ ಬಿದ್ದಾಗ ನನ್ನನ್ನ ಕರೆಸಿ ಉಯಿಲು ಬರೆಸಿದಳು. ಅಂಗಡಿ, ಮನೆ, ಮಷೀನು ಎಲ್ಲ ಕಾಜಾ ಅಕ್ಕನಿಗೆ. ನಡೆಸಿಕೊಡೋನು ಮೈದುನನ ಮಗ. ಅವನ ಕೈಲಾಗದಿದ್ರೆ... ನಾನು. ‘ನಿಮ್ಮಿಬ್ಬರನ್ನ ನಂಬಿ ಕಣ್ಣು ಮುಚ್ತೀನಿ’ ಅಂದಳು, ಮುಚ್ಚಿದಳು.

"ಅವನು ಉಯಿಲನ್ನ ತನ್ನ ಬೀರೂಗೆ ಸೇರಿಸಿ, ಕಾಜಾ ಅಕ್ಕನ ಕೈಯಿಂದ ಬೀಗದ ಕೈ ಕಿತ್ಕೊಂಡು, ‘ದೊಡ್ಡಮ್ಮ ಏನೂ ಬರೆದಿಟ್ಟಿಲ್ಲವಲ್ಲಾ’ ಅಂತ ಮೂಗು ಒರೆಸಿಕೊಂಡ. ಬರೆದವನು ನಾನು, ಬದುಕಿದ್ದೆ. ಬಾಯಿ ಬಿಡಬೇಕಿತ್ತು... ಬಿಡಲಿಲ್ಲ. ಯಾಕೆ ಗೊತ್ತಾ? ನನ್ನ ಟೈಪಿಂಗ್ ಮೇಜು ಈ ಜಗಲೀಲಿ ಮಳೆಗೆ ನೆನೀತಿತ್ತು. ‘ಅಂಗಡಿ ಮುಂಗೋಣೇಲಿ ಹಾಕ್ಕೊಳ್ಳಿ ಅಜ್ಜ’ ಅಂದ. ಹಾಕ್ಕೊಂಡೆ. ಒಂದು ಸೋರದ ಸೂರಿಗೆ... ಅಷ್ಟಕ್ಕೇ.

"ಮೂರು ತಿಂಗಳು ಕಳೀತು. ಒಂದು ಬೆಳಿಗ್ಗೆ ಅಳತೆ ಪುಸ್ತಕ ತೆರೆದು ಬಿದ್ದಿದೆ, ಅವನ ಪುಟ. ಕುತ್ತಿಗೆ ಹದಿನಾರು ಇಂಚು ಅಂತ ಇದ್ದದ್ದನ್ನ ಹೊಡೆದು ಹದಿನೈದೂವರೆ ಅಂತ ಬರೆದಿದೆ. ಟೇಲರಮ್ಮನದೇ ಅಕ್ಷರ, ಶಾಯಿ ಇನ್ನೂ ಒದ್ದೆ. ಅವನು ನಕ್ಕ. ಮಧ್ಯಾಹ್ನದ ಹೊತ್ತಿಗೆ ಕಾಲರ್ ಗುಂಡಿ ಬಿಚ್ಚಿದ. ಮಾರನೇ ದಿನ ಹದಿನೈದು. ಆಮೇಲೆ ಹದಿನಾಲ್ಕೂವರೆ. ದಿನಕ್ಕೆ ಅರ್ಧ ಇಂಚು, ತಪ್ಪದ ಹಾಗೆ. ಹೊಸ ಶರ್ಟು ಕೊಂಡ, ಕೊಂಡಲ್ಲಿ ಸಡಿಲ, ಮನೇಲಿ ಬಿಗಿ. ಕಡೆಗೆ ಬರೀ ಮೈಯಲ್ಲಿ ಕೂತ. ಶರ್ಟೇ ಇಲ್ಲದೆ ಕಾಲರ್ ಬಿಗಿಯೋದನ್ನ ನೋಡಿದೀರಾ? ನಾನು ನೋಡಿದೀನಿ.

"ಕುತ್ತಿಗೆ ಹನ್ನೆರಡಕ್ಕೆ ಬಂದಾಗ ನನ್ನ ಕೈ ಹಿಡಕೊಂಡ. ‘ಅಜ್ಜಾ, ಉಯಿಲು ಕೊಡ್ತೀನಿ, ಕಾಜಾ ಅಕ್ಕನದ್ದು ಅವಳಿಗೆ ಮಾಡಿಬಿಡಿ.’ ನಾನು ಮೇಜು ನೋಡಿದೆ, ಆಕಾಶ ನೋಡಿದೆ... ‘ಮಳೆಗಾಲ ಮುಗೀಲಿ’ ಅಂದೆ.

"ಹತ್ತು ಇಂಚಿಗೆ ಮುಗಿದ. ಡಾಕ್ಟರು ಹೃದಯ ಅಂತ ಬರೆದರು. ಹೃದಯಕ್ಕೂ ಕುತ್ತಿಗೆಗೂ ದೂರ ಎಷ್ಟು ಅಂತ ಅವರನ್ನ ಯಾರು ಕೇಳ್ತಾರೆ? ಟೇಪಿನ ಅಂಕಿಗಳು ಚರ್ಮದ ಮೇಲೆ ಒತ್ತಿ ನಿಂತಿದ್ದವು, ಒಂದೊಂದಾಗಿ ಓದಬಹುದಿತ್ತು.

"ಮಾರನೇ ಬೆಳಿಗ್ಗೆ ಪುಸ್ತಕದಲ್ಲಿ ಹೊಸ ಪುಟ. ಮೇಲೆ ನನ್ನ ಹೆಸರು, ಕುತ್ತಿಗೆ ಹದಿನೈದು. ಟೇಲರಮ್ಮನ ಹತ್ತಿರ ನಾನು ಒಂದು ಕರ್ಚೀಫು ಕೂಡ ಹೊಲಿಸಿದವನಲ್ಲ."

ಗಂಡ ತಮಗರಿವಿಲ್ಲದೆ ಕಾಲರಿಗೆ ಬೆರಳು ಹಾಕಿದರು.

"ಈಗ... ಎಷ್ಟಾಗಿದೆ?"

"ಹನ್ನೊಂದೂವರೆ. ಬೀರೂ ಒಡೆಸಿ ಉಯಿಲು ತೆಗೆದು ಪತ್ರ ಸಿದ್ಧ ಮಾಡೋದಕ್ಕೇ ಏಳು ದಿನ ಹೋಯ್ತು. ಇವತ್ತು ಕಾಜಾ ಅಕ್ಕ ಬಂದು ಒಪ್ಪಿಗೆ ಸಹಿ ಹಾಕಿದರೆ ನಾನು ಬದುಕಿದೆ."

ಕರೆಂಟು ಬಂತು. ಗುಮಾಸ್ತ ಅಜ್ಜನ ಪತ್ರದ ಸರದಿ ಕೂಗಿದ. ಮೆಟ್ಟಿಲ ಮೇಲೆ ಕೊಡೆ ಮಡಿಸುತ್ತ, ತೆಳ್ಳಗಿನ ಹೆಂಗಸೊಬ್ಬಳು ನಿಧಾನವಾಗಿ ಒಳಬಂದಳು. ಗುಮಾಸ್ತ ಪತ್ರ ಚಾಚಿ ಪೆನ್ನು ಕೊಟ್ಟ. ಕಾಜಾ ಅಕ್ಕ ಪೆನ್ನು ಮುಟ್ಟಲಿಲ್ಲ. ಪತ್ರವನ್ನು ದೂರ ಹಿಡಿದಳು, ಹತ್ತಿರ ಹಿಡಿದಳು, ಅಜ್ಜನ ಶಾಲಿನ ಕಡೆ ಒಮ್ಮೆ ನೋಡಿದಳು.

"ಕನ್ನಡಕ ಮರೆತು ಬಂದೆ ಅಜ್ಜ. ಓದದೆ ಸಹಿ ಹಾಕಬಾರದು ಅಂತ ಜನಕ್ಕೆಲ್ಲ ಬುದ್ಧಿ ಹೇಳೋರು ನೀವೇ. ಇವತ್ತು ಶುಕ್ರವಾರ ಅಲ್ವಾ? ಸೋಮವಾರ ಬರ್ತೀನಿ."

ಕನ್ನಡಕ ಅವಳ ತಲೆಯ ಮೇಲೇ ಇತ್ತು. ಎಲ್ಲರೂ ಕಂಡೆವು. ಅವಳು ಕೊಡೆ ಬಿಚ್ಚಿ ಮಳೆಗಿಳಿದಳು. ಮೊದಲು ನಕ್ಕವರು ಆ ಹೆಂಡತಿ, ತಡೆಯಲಾರದೆ ನಾನೂ ನಕ್ಕೆ, ಆದರೆ ಎಲ್ಲರಿಗಿಂತ ಜೋರಾಗಿ ನಕ್ಕವರು ಪತ್ರದ ಅಜ್ಜ. ಕಣ್ಣೀರು ಬರುವಷ್ಟು ನಕ್ಕು, ಉಸಿರಿಗೆ ತಡಕಾಡಿ, ಬೆರಳು ಮಡಿಸಿ ಎಣಿಸಿದರು.

"ಶನಿವಾರ ಹನ್ನೊಂದು... ಭಾನುವಾರ ಹತ್ತೂವರೆ... ಸೋಮವಾರ ಸರಿಯಾಗಿ ಹತ್ತು. ನೀವೂ ಬನ್ನಿ, ಅಂಕಿ ಓದೋಕೆ ಬರೋರು ಒಬ್ಬರಾದರೂ ಇರಲಿ."