ದೊರೆಸಾನಿಗೆ ಹಚ್ಚಿದ ಬೇವು

"ಹಲೋ... ಯಾರು ಮಾತಾಡೋದು? ನಾಯಿ ಡಾಕ್ಟರಾ?... ಓ, ಕಾಂಪೌಂಡರಣ್ಣನಾ. ಡಾಕ್ಟರು ಇಲ್ವಾ?... ನಾಳೆ ಬರ್ತಾರಾ. ಹಾಂ, ನಾನಣ್ಣ, ಇಸ್ತ್ರಿ ಅಂಗಡಿಯವಳು..."

ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಅವಳು ಇಸ್ತ್ರಿ ಮೇಜಿನ ಕೆಳಗೆ ಬಗ್ಗಿದ್ದಳು.

"ಅದೇ, ನಮ್ಮ ದೊರೆಸಾನಿ. ಮೊನ್ನೆ ಮರಿ ಹಾಕಿದ್ಲಲ್ಲ... ಮೂರು. ಎರಡು ಹೋದ್ವು ಅಣ್ಣ. ಉಳಿದಿರೋ ಒಂದೂ ತಣ್ಣಗಾಗ್ತಿದೆ. ಹಾಲೇ ಕುಡೀತಿಲ್ಲ..."

"ಇಲ್ಲ, ಭೇದಿ ಏನೂ ಇಲ್ಲ. ಮೊಲೆ ಬಾಯಿಗಿಟ್ರೆ ಮೂತಿ ತಿರುಗಿಸುತ್ತೆ..."

"ಔಷಧಿನಾ? ಅಂಗಡಿ ಔಷಧಿ ಮುಟ್ಟಿಲ್ಲಪ್ಪ, ಬಾಣಂತಿಗೆ ಯಾರಾದ್ರೂ ವಿಷ ಹಾಕ್ತಾರಾ? ಗಿಡದ್ದೇ ಹಚ್ಚಿದ್ದು. ಬೇವಿನೆಲೆ ಅರೆದು, ನಿಂಬೆಹುಲ್ಲು ಹಾಕಿ ಕುದಿಸಿ... ಹಾಂ, ಉಣ್ಣಿಗೆ. ಗಿರಾಕಿ ಅಂಗಿ ಕಾಲರಲ್ಲಿ ಒಂದು ಉಣ್ಣಿ ಸಿಕ್ತು, ಬೀದಿಗೆಲ್ಲ ಕೇಳೋ ಹಾಗೆ ಕೂಗಾಡಿದ್ರು. ನಾಯಿ ಇಟ್ಕೋ, ಇಲ್ಲ ಅಂಗಡಿ ಇಟ್ಕೋ ಅಂದ್ರು. ಮರಿಗಳ ಮೈಗೂ ಹತ್ತಿದ್ರೆ ರಕ್ತ ಹೀರಿಬಿಡಲ್ವಾ?..."

"ಎಲ್ಲೆಲ್ಲಿ ಅಂದ್ರೆ... ಕಿವಿ, ಕತ್ತು, ಬೆರಳ ಸಂದಿ. ಒಂದಿಂಚೂ ಬಿಟ್ಟಿಲ್ಲ. ಅವಳೂ ಹೆಸರಿಗೆ ತಕ್ಕ ಹಾಗೆ ಕಾಲು ಚಾಚಿ ಹಚ್ಚಿಸ್ಕೊಂಡ್ಲು..."

"ಹೊಟ್ಟೆಗಾ?... ಹಾಂ. ಹೊಟ್ಟೆಗೂ..."

"ಅಯ್ಯೋ, ನನ್ನ ಬುದ್ಧಿಗಿಷ್ಟು. ಅಣ್ಣ, ಮಗಳಿಗೆ ಹಾಲು ಬಿಡಿಸೋವಾಗ ನಾನೇ ಬೇವು ಹಚ್ಕೊಂಡಿದ್ದೆ. ಗೊತ್ತಿತ್ತಲ್ಲ ನಂಗೆ. ಗೊತ್ತಿದ್ದೂ..."

ಅಂಗಡಿ ಮುಂದೆ ನಿಂತಿದ್ದ ಗಿರಾಕಿ ಕಾದು ಕಾದು ಹೊರಟುಹೋದದ್ದು ಅವಳಿಗೆ ತಿಳಿಯಲೇ ಇಲ್ಲ. ತನ್ನ ಕೈಯಾರೆ ಮಾಡಿದ್ದಕ್ಕೆ ಯಾರನ್ನು ಬಯ್ಯುವುದು? ಬಟ್ಟೆಗೆ ಚಿಮುಕಿಸಲು ಇಟ್ಟಿದ್ದ ನೀರಿನಲ್ಲಿ ಟವೆಲ್ಲು ಅದ್ದಿ ನಾಯಿಯ ಹೊಟ್ಟೆ ಉಜ್ಜತೊಡಗಿದಳು.

"ಉಜ್ತಾ ಇದೀನಿ... ಸೋಪಾ? ಹಾಂ, ಇದೆ... ಹಾಲು ಹಿಂಡಿ, ಹತ್ತಿ ಅದ್ದಿ, ಮರಿ ಬಾಯಿಗಾ? ತಾಳಿ... ಬಾಯಿ ಬಿಡ್ತಿಲ್ಲ. ಬಾಯೇ ಬಿಡ್ತಿಲ್ಲ ಅಣ್ಣ..."

"ಬೆಚ್ಚಗೇ ಇಟ್ಟಿದೀನಿ, ಈಗಷ್ಟೇ ಇಸ್ತ್ರಿ ಮಾಡಿದ ಬಟ್ಟೆಲಿ ಸುತ್ತಿ... ಇಲ್ಲ. ಉಸಿರಿಲ್ಲ... ಬಟ್ಟೆ ಮಾತ್ರ ಬಿಸಿ ಇದೆ..."

"ಬೇಡಣ್ಣ, ಆಗಿದ್ದು ಆಗೋಯ್ತು ಅನ್ಬೇಡಿ..."

"ಇದೊಂದು ಹೇಳಿ. ಈಗ ಇವಳಿಗೆ ಹಾಲು ತಾನಾಗೇ ಸೋರ್ತಿದೆ. ನೆಲ ಎಲ್ಲ ಒದ್ದೆ. ಮರಿ ಕೊಡು ಅಂತ ನನ್ನ ಕೈ ಮೂಸ್ತಾಳೆ, ಮುಖ ನೋಡ್ತಾಳೆ... ಏನು ಕೊಡ್ಲಿ?... ಅಣ್ಣ?... ಹಲೋ?..."